ಪಾಲ್ಪರೆಯ ಕಾಳಗವೂ ಚಂಗಾಳ್ವ ಮನೆತನವೂ

ಕೊಡಗಿನ ಇತಿಹಾಸವೆಂದರೆ ಹಾಲೇರಿ ಅರಸರ ಇತಿಹಾಸವೆಂದು ತಿಳಿಯುವ ವಾಡಿಕೆ ವಿದ್ಯಾರ್ಥಿಗಳಲ್ಲಿ ಬಲವಾಗಿದೆ. ಹಾಲೇರಿಯವರಿಗೆ ನಾಲ್ಕುನೂರು ವರ್ಷಗಳಿಗೂ ಹಿಂದೆಯೇ ಈ ಮಲೆನಾಡಿನಲ್ಲಿ ಆಳ್ವಿಕೆ ನಡೆಸಿದ ಮನೆತನವೊಂದುಂಟು, ಅದು ಚಂಗಾಳ್ವರದು. ಆ ಕುಲದ ಪೆಮ್ಮ ವೀರಪ್ಪನೆಂಬ ಒಡೆಯನನ್ನೂ, ಅವನ ಮನೆತನದ ಏಳುಬೀಳುಗಳನ್ನೂ ಕುರಿತು ಕೆಲವು ಮಾತುಗಳನ್ನು ಹೇಳುವುದು ಈ ಲೇಖನದ ಉದ್ದೇಶ.

ಮೊದಲು ನೆಲದ ಪರಿಚಯ ಅವಶ್ಯಕ. ಪೊನ್ನಂಪೇಟೆಯಿಂದ ಹುದಿಕೇರಿ, ಶ್ರೀಮಂಗಲಗಳ ಮೂಲಕ ಕುಟ್ಟದತ್ತ ಸಾಗುವ ದಾರಿ ವಯನಾಡಿನ ಗಡಿಯನ್ನು ಮುಟ್ಟುತ್ತದೆ. ಬ್ರಹ್ಮಗಿರಿಯಲ್ಲಿ ಹುಟ್ಟಿದ ಲಕ್ಷ್ಮಣತೀರ್ಥ ನದಿ ಇದೇ ಕಿಗ್ಗಟ್ಟುನಾಡಿನಲ್ಲಿ ಹರಿದು ಹುಣಸೂರಿನ ಬಯಲಿಗೆ ಇಳಿಯುತ್ತದೆ. ಬಯಲಿನವನಿಗೆ ಇದು ಮಲೆಗೆ ಏರುವ ದಾರಿ. ಮಲೆಯವನಿಗೆ ಬಯಲಿಗೆ ಇಳಿಯುವ ದಾರಿ. ಇಲ್ಲಿಯ ಜನಜೀವನ ಪ್ರಾಚೀನವಾದುದು. ಕ್ರಿ.ಶ. 888ರ ಬಿಳಿಯೂರು ಶಾಸನವು ಗಂಗ ಸತ್ಯವಾಕ್ಯ ಪೆರ್ಮಾನಡಿಯ ಕಾಲದಲ್ಲಿ ಒಂದು ಜಿನಾಲಯಕ್ಕೆ ದತ್ತಿ ಕೊಟ್ಟುದನ್ನು ಹೇಳುವಾಗ ಮಲೆಪರ ಹೆಸರನ್ನೆತ್ತುತ್ತದೆ. 977ರ ಪೆಗ್ಗೂರು ಶಾಸನದಲ್ಲಿ ಗಂಗವಂಶದ ರಕ್ಕಸನು ಬೆದ್ದೊರೆಗರೆಯನ್ನು, ಎಂದರೆ ಹಿರಿಯ ಹೊಳೆಯ ದಡದ ನಾಡನ್ನು, ಆಳುತ್ತಿದ್ದನೆಂದಿದೆ.

ಗಂಗರ ಪ್ರಭುತ್ವ ಅಳಿದು ಚೋಳರ ದಂಡು ಕಾವೇರಿಯನ್ನು ಹಿಡಿದು ಮೇಲೇರಿ ಬಂದಾಗ ಈ ಪ್ರದೇಶದ ರಾಜಕೀಯವೆಲ್ಲ ಮಾರ್ಪಟ್ಟಿತು. 1004ರ ಸುಮಾರಿನಲ್ಲಿ ಪನಸೋಗೆಯ ಯುದ್ಧದಲ್ಲಿ ಪರಾಕ್ರಮ ತೋರಿದ ಮನಿಜನೆಂಬವನಿಗೆ ರಾಜರಾಜ ಚೋಳನು ‘ಕ್ಷತ್ರಿಯಶಿಖಾಮಣಿ ಕೊಂಗಾಳ್ವ’ನೆಂಬ ಬಿರುದನ್ನೂ ಮಾಲಂಬಿಯನ್ನೂ ಕೊಡಿಸಿದನು. ಉತ್ತರ ಕೊಡಗಿನ ಕೊಂಗಾಳ್ವರ ಪ್ರಾರಂಭ ಹೀಗಾಯಿತು. ಚಂಗಾಳ್ವರು ಅವರ ನೆರೆಯವರು. ಹುಣಸೂರು ಪ್ರದೇಶದ ಚಂಗನಾಡು ಅವರ ಮೂಲನೆಲೆ. ಪೂರ್ವ ಕೊಡಗಿಗೂ ಅವರ ಅಧಿಕಾರ ಹಬ್ಬಿತ್ತು. ತಾವು ಚಂದ್ರವಂಶದ ಯಾದವರೆಂದು ಅವರು ಹೇಳಿಕೊಂಡರು. ಸೋತವನು ಗೆದ್ದವನ ಹೆಸರನ್ನು ಧರಿಸುವುದು ಆ ಕಾಲದ ನೀತಿ. ಹನ್ನೊಂದನೆಯ ಶತಮಾನದ ನಡುಗಾಲದಲ್ಲಿ ಹನಸೋಗೆಯ ಬಸದಿಗಳನ್ನು ಉದ್ಧರಿಸಿದ ಚಂಗಾಳ್ವನ ಹೆಸರೇ ‘ರಾಜೇಂದ್ರ ಚೋಳ ನನ್ನಿ ಚಂಗಾಳ್ವ’. ಮನೆತನ ಮುಂದೆ ಶೈವಮತವನ್ನು ಅವಲಂಬಿಸಿತು. ಬೆಟ್ಟದಪುರದ ಅನ್ನದಾನಿ ಮಲ್ಲಿಕಾರ್ಜುನ ಅದರ ಕುಲದೈವವಾದನು.

ಚೋಳರನ್ನು ಹೊರದೂಡಿದ ಹೊಯ್ಸಳರು ಕೊಂಗಾಳ್ವರನ್ನೂ ಚಂಗಾಳ್ವರನ್ನೂ ಅಡಗಿಸಲು ಯತ್ನಿಸಿದುದು ಸಹಜವೇ ಸರಿ. 1145ರಲ್ಲಿ ಒಂದನೆಯ ನರಸಿಂಹನು ಚಂಗಾಳ್ವನನ್ನು ರಣದಲ್ಲಿ ಕೊಂದು ಅವನ ಆನೆ, ಕುದುರೆ, ಹೊನ್ನು, ಒಡವೆಗಳನ್ನು ವಶಪಡಿಸಿಕೊಂಡನೆಂದು ಹೊಯ್ಸಳ ಶಾಸನ ಹೊಗಳುತ್ತದೆ. ಬಯಲಿನಲ್ಲಿ ನಿಲ್ಲಲಾರದ ಮನೆತನ ಮಲೆಯ ಆಸರೆ ಹುಡುಕಿತು. ಮುಂದಿನ ಹೋರಾಟದ ಕ್ಷೇತ್ರ ಹುಣಸೂರಿನ ಬಯಲಲ್ಲ, ಕಿಗ್ಗಟ್ಟುನಾಡಿನ ಪಾಲ್ಪರೆ ಎಂಬುದೇ ಇದಕ್ಕೆ ಸಾಕ್ಷಿ.

1174ರಲ್ಲಿ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಬೆಟ್ಟರಸನು ಚಂಗಾಳ್ವ ಮಹಾದೇವನ ಮೇಲೆ ದಂಡೆತ್ತಿ ಬಂದು, ಪಾಲ್ಪರೆಯಲ್ಲಿ ನೆಲೆಯೂರಿದ್ದ ಅವನನ್ನು ನಾಶಪಡಿಸಿದನು. ಅಷ್ಟಕ್ಕೇ ಹಿಂದಿರುಗದೆ ಅಲ್ಲಿ ಪಟ್ಟಣವನ್ನು ಕಟ್ಟಿಸಿ ಅದನ್ನೇ ತನ್ನ ರಾಜಧಾನಿಯನ್ನಾಗಿ ಮಾಡಿಕೊಂಡನು. ಮೂರೇ ವರ್ಷ ಕಳೆದು, 1177ರಲ್ಲಿ, ಚಂಗಾಳ್ವ ಪೆಮ್ಮ ವೀರಪ್ಪನು ಪಾಲ್ಪರೆಯನ್ನು ಮುತ್ತಿದನು. ಬಡಗಂಡ ನಂದಿದೇವ, ಕುರಚೆಯ ಉದಯಾದಿತ್ಯದೇವ ಮೊದಲಾದವರು ಅವನಿಗೆ ನೆರವಾದರು; ‘ಎಲ್ಲ ನಾಡುಗಳ ಕೊಡಗರೂ’ ಕೂಡಿಬಂದರು. ಬೆಟ್ಟರಸನು ಮೊದಲು ಸೋಲುವ ಸ್ಥಿತಿಗೆ ಬಂದು ಕಡೆಗೆ ಜಯಶಾಲಿಯಾದನು.

ಈ ವೃತ್ತಾಂತ ಗೆದ್ದವರ ಪಕ್ಷದ್ದೆಂಬುದನ್ನು ಓದುಗರು ಮರೆಯಬಾರದು. ಶತ್ರುವಿನ ಕಲ್ಲಿನಿಂದ ಒಬ್ಬ ಒಡೆಯನ ಚರಿತ್ರೆಯನ್ನು ಬಿಡಿಸಿ ತೆಗೆಯುವಾಗ ಬಿರುದು ಬಾವಲಿಗಳನ್ನು ಬದಿಗಿಟ್ಟು, ಬರೆದವನು ಒಪ್ಪಿಕೊಳ್ಳದೆ ಗತ್ಯಂತರವಿಲ್ಲದ ಸಂಗತಿಗಳನ್ನು ಗಮನಿಸಬೇಕು. ಅಂಥವು ಇಲ್ಲಿ ಎರಡು. ಮೊದಲನೆಯದು, ಹೊಯ್ಸಳ ದಂಡನಾಯಕ ಸೋಲಿನ ಅಂಚಿಗೆ ಬಂದುದು. ತನ್ನ ಕಡೆಯವನ ಸಂಕಟವನ್ನು ಪ್ರಶಸ್ತಿಕಾರನು ಸುಮ್ಮನೆ ಸೃಷ್ಟಿಸಲಾರ. ಎರಡನೆಯದು, ಕೊಡಗರನ್ನು ಬೇರೆಯಾಗಿ ಹೆಸರಿಸಿರುವುದು. ಅವರು ಚಂಗಾಳ್ವನ ಆಳುಗಳೇ ಆಗಿದ್ದರೆ ಅವನ ಸೈನ್ಯದ ಲೆಕ್ಕದಲ್ಲಿ ಸೇರಿಹೋಗುತ್ತಿದ್ದರು. ನಾಡುನಾಡಾಗಿ ಬಂದರೆಂಬುದನ್ನು ನೋಡಿದರೆ, ನಾಡುಗಳಿಗೆ ತಮ್ಮದೇ ಸಂಘಟನೆ ಇದ್ದು, ಅವು ಯೋಚಿಸಿ ಒಬ್ಬ ಒಡೆಯನ ಪಕ್ಷವನ್ನು ಹಿಡಿದುವೆಂದು ಊಹಿಸುವುದು ಅಸಂಗತವಾಗದು. ಪೆಮ್ಮ ವೀರಪ್ಪನ ಬಲ ಅವನ ಕೋಟೆಯಲ್ಲಿರಲಿಲ್ಲ, ಕೋಟೆ ಶತ್ರುವಿನ ಕೈಯಲ್ಲಿತ್ತು. ಅವನ ಬಲವಿದ್ದುದು ನಾಡುಗಳ ಸಮ್ಮತಿಯಲ್ಲಿ.

ಸೋಲಿನಿಂದ ಮನೆತನ ನಿರ್ಮೂಲವಾಗಲಿಲ್ಲ. ಚಂಗಾಳ್ವರು ಹೊಯ್ಸಳರ ಮೇಲಾಳ್ವಿಕೆಯನ್ನು ಒಪ್ಪಿ ಉಳಿದುಕೊಂಡರು. 1245ರಿಂದ 1252ರವರೆಗೆ ಸೋಮದೇವ, ಬೊಪ್ಪದೇವರಿಬ್ಬರೂ ಕೂಡಿ ಆಳುತ್ತಿದ್ದರು. ಆಗ ಅವರ ರಾಜಧಾನಿ ಕೊಡಗಿನ ಶ್ರೀರಂಗಪಟ್ಟಣ. ಕಾವೇರಿಯ ದ್ವೀಪದಲ್ಲಿರುವ ಪ್ರಸಿದ್ಧ ಪಟ್ಟಣವೆಂದು ಭ್ರಮಿಸಬಾರದು.

ಇದೇ ಕಾಲದಲ್ಲಿ ದೂರದ ವೇಲ್ಸಿನ ಗುಡ್ಡಗಾಡಿನಲ್ಲಿಯೂ ಇಂಥದೇ ಸನ್ನಿವೇಶವಿತ್ತು. ಅಲ್ಲಿಯ ದಕ್ಷಿಣಭಾಗದ ಒಡೆಯ ರೀಸ್ ಅಪ್ ಗ್ರಿಫಿಡ್ ಇಂಗ್ಲೆಂಡಿನ ದೊರೆ ಇಮ್ಮಡಿ ಹೆನ್ರಿಯೊಡನೆ ಕಾದಾಡಿ, ಬಳಿಕ ಸಂಧಿ ಮಾಡಿಕೊಂಡು, ತನ್ನ ನಾಡನ್ನು ಉಳಿಸಿಕೊಂಡನು. ಆದರೆ 1197ರಲ್ಲಿ ಅವನು ಸತ್ತೊಡನೆ ಮಕ್ಕಳು ದಾಯಾದಿ ಕಲಹಕ್ಕೆ ತೊಡಗಿದುದರಿಂದ ಅವನು ಕಟ್ಟಿದ ರಾಜ್ಯ ಒಡೆದುಹೋಯಿತು. ಬಲಿಷ್ಠ ನೆರೆಯವನಿಗೆ ಮಣಿದ ಸಣ್ಣ ಪ್ರಭುತ್ವದ ಅಳಿವು ಉಳಿವು ರಣರಂಗದಲ್ಲಿ ಎಷ್ಟೋ ಅಷ್ಟೇ ಮನೆಯೊಳಗೂ ನಿರ್ಧಾರವಾಗುತ್ತದೆ. ಸೋಮದೇವ, ಬೊಪ್ಪದೇವರ ಜೋಡಿಯಾಳ್ವಿಕೆಯನ್ನು ಈ ದೃಷ್ಟಿಯಿಂದ ನೋಡಿದರೆ ಅದರ ಮಹತ್ತ್ವ ತಿಳಿಯುತ್ತದೆ.

ವಿಜಯನಗರದ ಕಾಲದಲ್ಲಿ ಚಂಗಾಳ್ವ ನಂಜರಾಜನು ನಂಜರಾಯಪಟ್ಟಣವನ್ನು ಸ್ಥಾಪಿಸಿದನು. ಸೂಪಶಾಸ್ತ್ರವನ್ನು ಬರೆದ ಮೂರನೆಯ ಮಂಗರಸನ ಹಿರಿಯರು ಚಂಗಾಳ್ವರ ಸಚಿವರಾಗಿದ್ದರು. ಆಮೇಲೆ ಪಿರಿಯಾಪಟ್ಟಣ ರಾಜಧಾನಿಯಾಯಿತು. 1644ರಲ್ಲಿ ಮೈಸೂರಿನ ಕಂಠೀರವ ನರಸರಾಜ ಒಡೆಯರು ಅದನ್ನು ಮುತ್ತಿದಾಗ, ಕಡೆಯ ದೊರೆ ವೀರರಾಜನು ತನ್ನ ಮಡದಿಮಕ್ಕಳನ್ನು ತಾನೇ ಕೊಂದು, ಕೋಟೆಯನ್ನು ಕಾಯುತ್ತ ಮಡಿದನೆಂದು ಹೇಳಿದೆ. ಆರು ಶತಮಾನಗಳಿಗೂ ಹೆಚ್ಚು ಕಾಲ ಚೋಳ, ಹೊಯ್ಸಳ, ವಿಜಯನಗರಗಳ ನಡುವೆ ತಲೆಬಾಗಿ ಬಾಳಿದ ಕುಲ ಕೊನೆಗೊಮ್ಮೆ ಬಾಗಲೊಲ್ಲದೆ ಮುರಿಯಿತು.

ಕೊಡಗಿನ ಶಾಸನಗಳನ್ನು ಬಿ. ಎಲ್. ರೈಸ್ ಅವರು 1886ರಲ್ಲಿ ಮೊದಲು ಪ್ರಕಟಿಸಿ, 1914ರಲ್ಲಿ ಪರಿಷ್ಕರಿಸಿದರು. ಆ ಸಂಪುಟವನ್ನು ಅರಸರ ಪಟ್ಟಿಗಾಗಿ ಮಾತ್ರ ತಿರುವಿಹಾಕುವುದು ಸಾಲದು. ಪಾಲ್ಪರೆಯ ಕಾಳಗದಲ್ಲಿ ಗೆದ್ದ ಬೆಟ್ಟರಸನ ಪಟ್ಟಣ ಉಳಿಯಲಿಲ್ಲ. ಸೋತ ಪೆಮ್ಮ ವೀರಪ್ಪನ ಕುಲವೂ ಅಳಿಯಿತು. ಆ ದಿನ ಹೆಸರಿಲ್ಲದೆ, ಕೇವಲ ನಾಡುಗಳ ಕೊಡಗರೆಂದು ಕರೆಸಿಕೊಂಡು ಬಂದವರ ಸಂತತಿ ಮಾತ್ರ ಅದೇ ನೆಲದಲ್ಲಿ ಇಂದಿಗೂ ಬಾಳುತ್ತಿದೆ. ಇತಿಹಾಸದ ವಿದ್ಯಾರ್ಥಿ ಒಡೆಯರ ವಂಶಾವಳಿಯನ್ನು ಬರೆಯುವಾಗ ಈ ಹೆಸರಿಲ್ಲದವರಿಗೂ ಒಂದು ಪಂಕ್ತಿಯನ್ನು ಮೀಸಲಿಡುವುದು ನ್ಯಾಯ.