ಬೇರುವಲಯದ ಸಾಕ್ಷ್ಯ: ಕೋಶೀಯ ಲೋಳೆಬೂಷ್ಟುಗಳ ಭಾರತೀಯ ಚರಿತ್ರೆಗೊಂದು ತಿದ್ದುಪಡಿ

ಜೇಮ್ಸ್ ಕ್ಯಾವೆಂಡರ್ ಮತ್ತು ಕೆನೆತ್ ರೇಪರ್ 1965ರಲ್ಲಿ ‘ಅಮೆರಿಕನ್ ಜರ್ನಲ್ ಆಫ್ ಬಾಟನಿ’ಯಲ್ಲಿ ಒಂದರ ಹಿಂದೊಂದು ಮೂರು ಲೇಖನ ಪ್ರಕಟಿಸಿದರು. ಕಾಡಿನ ಮಣ್ಣೇ ಕೋಶೀಯ ಲೋಳೆಬೂಷ್ಟುಗಳ (ಗುಂಪುಗೂಡಿ ಬೀಜಕದ ಕಾಂಡ ಎತ್ತುವ, ಡಿಕ್ಟಿಯೊಸ್ಟೀಲಿಯಂನಂಥ ಮಣ್ಣಿನ ಅಮೀಬಾಗಳ) ಮುಖ್ಯ ನೆಲೆ ಎಂಬ ನಿಲುವು ಎರಡನೆಯದರ ತಲೆಬರಹದಲ್ಲೇ ಇದೆ. ಮುಂದೆ ಹಲವರ ಬಾಯಲ್ಲಿ ಅದು ‘ಕಾಡಿಲ್ಲದ ಕಡೆ ಇವೂ ಇಲ್ಲ’ ಎಂದಾಯಿತು. ಕೊಲ್ಹಾಪುರ ಜಿಲ್ಲೆಗೆ ಈ ಓದನ್ನು ಅನ್ವಯಿಸಿದರೆ, ಲೋಳೆಬೂಷ್ಟು ಹುಡುಕುವವರು ರಾಧಾನಗರಿ, ದಾಜಿಪುರದ ಕಾಡು ಹತ್ತಬೇಕು; ಇಚಲಕರಂಜಿ ಬದಿಯ ಶಹಾಪುರದ ಎರೆಹೊಲವನ್ನೋ ಗಡಹಿಂಗ್ಲಜದ ಕಬ್ಬಿನ ಹೊಲವನ್ನೋ ಕೆದಕುವ ಗೋಜೇ ಬೇಡ. ಕ್ಯಾವೆಂಡರ್ ಹಾಗೆ ಹೇಳಿರಲಿಲ್ಲ. ಅವರ ಹೆಸರಿನಲ್ಲಿ ಹೇಳುತ್ತಿರುವವರು ಬೇರೆಯವರು.

ಈ ಓದನ್ನು ಅಲುಗಿಸುವ ಸಾಕ್ಷ್ಯ ಅದಕ್ಕಿಂತ ಒಂಬತ್ತು ವರ್ಷ ಹಳೆಯದು. 1956ರಲ್ಲಿ ವಿ. ಅಗ್ನಿಹೋತ್ರುಡು ಸ್ವಿಟ್ಜರ್ಲೆಂಡಿನ ‘ಎಕ್ಸ್‌ಪೀರಿಯೆನ್ಷಿಯಾ’ ಪತ್ರಿಕೆಯ 12ನೇ ಸಂಪುಟದಲ್ಲಿ, ದಕ್ಷಿಣ ಭಾರತದ ಗಿಡಗಳ ಬೇರುವಲಯದಲ್ಲಿ ಡಿಕ್ಟಿಯೊಸ್ಟೀಲಿಯಂ ಕುಟುಂಬದ ಜೀವಿಗಳಿವೆ ಎಂದು ಪುಟ್ಟದೊಂದು ಬರಹದಲ್ಲಿ ದಾಖಲಿಸಿದರು. ಅವರು ಕಾಡು ಸುತ್ತಿ ಮಾದರಿ ತಂದವರಲ್ಲ. ಮದ್ರಾಸಿನಲ್ಲಿ ಬೇರುರೋಗಗಳ ಬೆನ್ನು ಹತ್ತಿದವರು. ದಕ್ಷಿಣ ಭಾರತದ ಮುಖ್ಯ ಬೆಳೆಗಳ ಬೇರುವಲಯದ ಸೂಕ್ಷ್ಮಜೀವಿಗಳ ಬಗ್ಗೆ ಅವರು 1953ರಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ‘ಪ್ರೊಸೀಡಿಂಗ್ಸ್’ನಲ್ಲಿ ಬರೆದಿದ್ದರು, ತೊಗರಿಯ ಸೊರಗು ರೋಗವೂ ಅವರ ವಿಷಯವಾಗಿತ್ತು. ಬೇರೆ ಪ್ರಶ್ನೆಯನ್ನು ಹಿಡಿದು ಮಣ್ಣು ನೋಡುತ್ತಿದ್ದವರ ಕಣ್ಣಿಗೆ ಈ ಅಮೀಬಾಗಳು ಬಿದ್ದವು. (ಲೋಳೆಬೂಷ್ಟನ್ನೇ ಹುಡುಕಿ ಹೋದವರ ಪಟ್ಟಿಗಿಂತ ಇಂಥ ದಾಖಲೆಗೆ ನಾನು ಒಂದು ತೂಕ ಹೆಚ್ಚು ಕೊಡುತ್ತೇನೆ. ಅಲ್ಲಿ ಸಿಗಲೇಬೇಕೆಂಬ ಹಟ ಇರುವುದಿಲ್ಲ.)

ಇದು ಒಂಟಿ ಸಾಕ್ಷ್ಯವೂ ಅಲ್ಲ. ಬಿ. ಎನ್. ಸಿಂಗ್ ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದಾಗ ಬ್ರಿಟನ್ನಿನ ಮಣ್ಣುಗಳಲ್ಲಿ, ಉಳುಮೆಯ ಹೊಲಗಳೂ ಸೇರಿದಂತೆ, ಡಿಕ್ಟಿಯೊಸ್ಟೀಲಿಯಂ ಪ್ರಭೇದಗಳು ಹೇಗೆ ಹಂಚಿಕೊಂಡಿವೆ ಎಂದು ಪರೀಕ್ಷಿಸಿ 1947ರಲ್ಲಿ ಪ್ರಕಟಿಸಿದರು. ಡಿಕ್ಟಿಯೊಸ್ಟೀಲಿಯಂ ಜೈಗಾಂಟಿಯಂ ಎಂಬ ಪ್ರಭೇದವನ್ನು ಹೆಸರಿಸಿದವರೂ ಅವರೇ.

ಅಗ್ನಿಹೋತ್ರುಡು ಅವರ ಸಾಕ್ಷ್ಯದ ಮೇಲೆ ಒಂದು ಆಕ್ಷೇಪ ನಿಜಕ್ಕೂ ಗಟ್ಟಿಯಾದುದು. ಮಣ್ಣನ್ನು ನೀರಿನಲ್ಲಿ ಕದಡಿ ಅಗರ್ ತಟ್ಟೆಯ ಮೇಲೆ ಹರಡಿದಾಗ ಮೇಲೇಳುವ ಕಾಂಡಕ್ಕೆ ಮೂಲ ಯಾವುದು? ಆ ಮಣ್ಣಿನಲ್ಲಿ ಬ್ಯಾಕ್ಟೀರಿಯಾ ತಿಂದು ಬದುಕುತ್ತಿದ್ದ ಅಮೀಬಾವೋ, ಬೇರೆಲ್ಲಿಂದಲೋ ಬಂದು ನಿದ್ರಿಸುತ್ತಿದ್ದ ಬೀಜಕವೋ? ತಟ್ಟೆ ಹೇಳುವುದಿಲ್ಲ. ತಿಪ್ಪೆಗೊಬ್ಬರ ಹಾಕುವ ಹೊಲಕ್ಕೆ ಈ ಸಂಶಯ ಇನ್ನೂ ಹೆಚ್ಚು ಸಲ್ಲುತ್ತದೆ, ಏಕೆಂದರೆ ಪ್ರಾಣಿಗಳ ಲದ್ದಿಯೂ ಈ ಜೀವಿಗಳ ತಾಣ. 1869ರಲ್ಲಿ ಬ್ರೆಫೆಲ್ಡ್ ಡಿಕ್ಟಿಯೊಸ್ಟೀಲಿಯಂ ಕುಲವನ್ನು ಮೊದಲು ವರ್ಣಿಸಿದ್ದೇ ಲದ್ದಿಯಲ್ಲಿ ಸಿಕ್ಕ ಮಾದರಿಯಿಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯಾನಂದ ನಂಜುಂಡಯ್ಯ ಅವರ ತಂಡ ಮುದುಮಲೈ ಕಾಡಿನ ಮಣ್ಣಿನಿಂದ ಮಾತ್ರವಲ್ಲ, ಅಲ್ಲಿನ ಪ್ರಾಣಿಗಳ ಲದ್ದಿಯಿಂದಲೂ ಸಿಂಗ್ ಹೆಸರಿಸಿದ ಅದೇ ಜೈಗಾಂಟಿಯಂ ಪ್ರಭೇದವನ್ನು ಪಡೆದು, ಒಂದೇ ಗುಂಪಿನಲ್ಲಿ ಬೇರೆ ಬೇರೆ ತಳಿಯ ಅಮೀಬಾಗಳು ಕೂಡಿರಬಲ್ಲವೆಂದು 2010ರಲ್ಲಿ ತೋರಿಸಿತು.

ಆದರೆ ಆಕ್ಷೇಪ ಎತ್ತುವವರು ಅದನ್ನು ಹೊಲದ ಬದುವಿನಲ್ಲೇ ನಿಲ್ಲಿಸುತ್ತಾರೆ. ಕಾಡುಮಣ್ಣಿನ ಎಣಿಕೆಯೂ ಬಂದಿರುವುದು ಅಂಥದೇ ತಟ್ಟೆಯಿಂದ. ಅಲ್ಲಿಯೂ ಬೀಜಕ ಮತ್ತು ಅಮೀಬಾ ಬೇರ್ಪಟ್ಟಿಲ್ಲ. ಲದ್ದಿ ಹಾಕುವ ಪ್ರಾಣಿಗಳು ಕಾಡಿನಲ್ಲೇನು ಕಡಿಮೆಯೇ? ತರ್ಕ ಹೊಲದ ದಾಖಲೆಯನ್ನು ಬೀಳಿಸುವುದಾದರೆ ಕಾಡಿನ ದಾಖಲೆಯನ್ನೂ ಬೀಳಿಸಬೇಕು. ಕಾಡಿನಲ್ಲಿ ಪ್ರಭೇದಗಳು ಹೆಚ್ಚು ಎಂಬ ಕ್ಯಾವೆಂಡರ್ ಪಕ್ಷದ ಬಲವಾದ ಮಾತು ಇದರಿಂದ ಅಳಿಯುವುದಿಲ್ಲ, ನಿಜ. ಹಾಗೆಂದು ಹೆಚ್ಚು ಇರುವ ಜಾಗ ಗೊತ್ತಾದ ಮಾತ್ರಕ್ಕೆ ಉಳಿದ ಜಾಗ ಬರಿದಾಗುವುದಿಲ್ಲ. ಸಿಂಗ್ ಅದೇ 1947ರ ಎರಡನೇ ಲೇಖನದಲ್ಲಿ ಮಣ್ಣಿನೊಳಗಿನ ಸಕ್ರಿಯ ಬದುಕನ್ನೇ ನೇರವಾಗಿ ಕೈಗೆತ್ತಿಕೊಂಡು, ತೇವ ಮತ್ತು ಬ್ಯಾಕ್ಟೀರಿಯಾ ಆಹಾರದ ಪ್ರಭಾವವನ್ನು ಅಳೆಯಲು ಹೊರಟಿದ್ದರು. ಬೇರು ಸ್ರವಿಸುವ ಸಕ್ಕರೆ, ಅಮೈನೊ ಆಮ್ಲಗಳಿಂದ ಅದರ ಸುತ್ತ ಬ್ಯಾಕ್ಟೀರಿಯಾ ದಟ್ಟವಾಗುತ್ತವೆ. ನೀರು ಹಾಯಿಸಿದ ಕಬ್ಬಿನ ಬುಡದಲ್ಲಿ ಮಳೆ ನಿಂತ ಮೇಲೂ ತೇವ ಉಳಿಯುತ್ತದೆ. ಪಂಚಗಂಗೆಯ ದಂಡೆಯ ಹೊಲ ಈ ಎರಡರಲ್ಲಿ ಯಾವುದಕ್ಕೂ ಬಡವಲ್ಲ.

ಕ್ಯಾವೆಂಡರ್ 1986ರಲ್ಲಿ ಟಿ. ಎನ್. ಲಖನ್‌ಪಾಲ್ ಜೊತೆ ‘ಮೈಕಾಲಜಿಯಾ’ದಲ್ಲಿ ಭಾರತದ ಸಮೀಕ್ಷೆ ಪ್ರಕಟಿಸಿದಾಗ ವಿಷಯವನ್ನು ಕಾಡುಮಣ್ಣಿಗೇ ಸೀಮಿತಗೊಳಿಸಿ, ಅದನ್ನು ಶೀರ್ಷಿಕೆಯಲ್ಲೇ ತಿಳಿಸಿದರು. ಗೆರೆ ಎಳೆದವರು ಪ್ರಾಮಾಣಿಕರು. ಗೆರೆಯಾಚೆ ಏನೂ ಇಲ್ಲ ಎಂದು ಓದಿಕೊಂಡ ನಮ್ಮವರ ಸೋಮಾರಿತನಕ್ಕೆ ಅವರನ್ನು ಹೊಣೆ ಮಾಡಲಾಗದು.

ವಿವಾದ ತೀರಿಸುವ ಪ್ರಯೋಗಕ್ಕೆ ದೊಡ್ಡ ಪ್ರಯೋಗಾಲಯವೂ ಬೇಡ. ತಕ್ಕ ಡಿಟರ್ಜೆಂಟ್ ದ್ರಾವಣ ಅಮೀಬಾಗಳನ್ನು ಒಡೆಯುತ್ತದೆ. ಗಟ್ಟಿ ಕವಚದ ಬೀಜಕಗಳು ಉಳಿಯುತ್ತವೆ. ಶಹಾಪುರದ ಒಂದೇ ಹೊಲದ ಬೇರುಮಣ್ಣು, ಬೇರಿನಿಂದ ದೂರದ ಮಣ್ಣು, ದಾಜಿಪುರದ ಕಾಡುಮಣ್ಣು, ಈ ಮೂರನ್ನೂ ದ್ರಾವಣ ಹಾಕಿಯೂ ಹಾಕದೆಯೂ ತಟ್ಟೆಗೆ ಹರಡಿ ಎಣಿಸಬೇಕು. ದ್ರಾವಣ ಹಾಕಿದ ಬೇರುಮಣ್ಣಿನಲ್ಲಿ ಎಣಿಕೆ ಕುಸಿದರೆ ಅಲ್ಲಿದ್ದದ್ದು ಜೀವಂತ ಅಮೀಬಾ, ಹೊಲವೂ ನೆಲೆ. ಕುಸಿಯದಿದ್ದರೆ ಬೇರುವಲಯದ ದಾಖಲೆಯ ತೂಕ ತಗ್ಗಿಸಲು ನಾನು ಸಿದ್ಧ, ಕಾಡುಮಣ್ಣಿಗೂ ಅದೇ ತಕ್ಕಡಿ ಹಿಡಿಯುವುದಾದರೆ.