ಪಿಯಾವೆ ದಂಡೆಯ ಇಬ್ಬರು ಪುಕ್ಕಲರು

1959ರಲ್ಲಿ ಇಟಲಿಯ ಪತ್ರಿಕೆಗಳಲ್ಲಿ ದೊಡ್ಡ ಜಗಳವೊಂದು ಹತ್ತಿಕೊಂಡಿತು. ಮೊದಲನೇ ಮಹಾಯುದ್ಧದ ಮೇಲೆ ನಗೆಚಿತ್ರ ತಯಾರಾಗುತ್ತಿದೆ, ನಾಯಕರಿಬ್ಬರೂ ಹೇಡಿಗಳಂತೆ ಎಂಬ ಸುದ್ದಿ ಹಬ್ಬಿತ್ತು. ಚಿತ್ರೀಕರಣಕ್ಕೂ ಮೊದಲೇ, ಇದು ಮಡಿದ ಯೋಧರಿಗೆ ಅವಮಾನ ಎಂಬ ಕೂಗೆದ್ದಿತು.

ಆ ಚಿತ್ರ ಮಾರಿಯೊ ಮೊನಿಚೆಲ್ಲಿ ನಿರ್ದೇಶನದ ‘ಲಾ ಗ್ರಾಂದೆ ಗುವೆರ್ರಾ’. ಅದರ ಚಿತ್ರಕಥೆಗಾರರಲ್ಲಿ ಅಜೆನೋರೆ ಇನ್‌ಕ್ರೊಚ್ಚಿ ಮತ್ತು ಫುರಿಯೊ ಸ್ಕಾರ್ಪೆಲ್ಲಿ ಮುಖ್ಯರು. ಇಬ್ಬರೂ 1919ರಲ್ಲಿ ಹುಟ್ಟಿದವರು, ಹಾಸ್ಯಪತ್ರಿಕೆಗಳಲ್ಲಿ ಪಳಗಿದವರು. ‘ಆಜೆ-ಸ್ಕಾರ್ಪೆಲ್ಲಿ’ ಎಂಬ ಜೋಡಿಹೆಸರಿನಲ್ಲಿ ದಶಕಗಳ ಕಾಲ ಬರೆದರು.

ಜನ ಸಿಟ್ಟಾದದ್ದಕ್ಕೆ ಕಾರಣವಿತ್ತು. ಆ ಯುದ್ಧದಲ್ಲಿ ಇಟಲಿ 6 ಲಕ್ಷಕ್ಕೂ ಹೆಚ್ಚು ಸೈನಿಕರನ್ನು ಕಳೆದುಕೊಂಡಿತ್ತು. ಮುಸೊಲಿನಿಯ ಆಡಳಿತ ಆ ಸಾವುಗಳನ್ನೆಲ್ಲ ವೀರಗಾಥೆಯಾಗಿ ಹೊಸೆದಿತ್ತು; ರೆದಿಪುಲ್ಯಾದಲ್ಲಿ 1 ಲಕ್ಷಕ್ಕೂ ಮಿಕ್ಕಿ ಸೈನಿಕರ ಅವಶೇಷಗಳ ಮೇಲೆ 1938ರಲ್ಲಿ ಬೃಹತ್ ಸ್ಮಾರಕವನ್ನು ಉದ್ಘಾಟಿಸಿತ್ತು. 1917ರಲ್ಲಿ ಕಪೊರೆತ್ತೊದಲ್ಲಿ ಸೇನೆ ದಿಕ್ಕೆಟ್ಟು ಓಡಿದ್ದು, ಸ್ವಂತ ಸೇನಾ ನ್ಯಾಯಾಲಯಗಳ ತೀರ್ಪಿನಿಂದಲೇ ನೂರಾರು ಸೈನಿಕರು ಗುಂಡಿಗೆ ಬಲಿಯಾದದ್ದು ಈ ಗಾಥೆಗೆ ಒಗ್ಗದ ಸಂಗತಿಗಳು.

ಚಿತ್ರಕಥೆಗಾರರು ಕೈಹಾಕಿದ್ದು ಅಲ್ಲಿಗೇ. ಅವರ ನಾಯಕರು ಮಿಲಾನಿನ ಬುಸಾಕ್ಕಾ ಮತ್ತು ರೋಮಿನ ಯಾಕೊವಾಚ್ಚಿ. ಸೇನೆಗೆ ಸೇರುವುದನ್ನು ತಪ್ಪಿಸಿಕೊಡುತ್ತೇನೆಂದು ಹಣ ಪಡೆದು ಯಾಕೊವಾಚ್ಚಿ ಮೋಸ ಮಾಡುವುದರಿಂದಲೇ ಇವರ ಪರಿಚಯ ಶುರುವಾಗುತ್ತದೆ. ಇಟಲಿ 1861ರಲ್ಲಿ ಒಂದು ರಾಜ್ಯವಾಗಿದ್ದರೂ, ಉತ್ತರದವನೂ ದಕ್ಷಿಣದವನೂ ಒಂದೇ ಪಾತ್ರೆಯ ಗಂಜಿಗೆ ಸಾಲು ನಿಂತದ್ದು ಈ ಯುದ್ಧದ ಕಂದಕಗಳಲ್ಲಿ. ಒಬ್ಬರ ಆಡುನುಡಿಯನ್ನು ಇನ್ನೊಬ್ಬರು ಆಡಿಕೊಳ್ಳುವುದು, ಊಟಕ್ಕೆ ಹೊಂಚು ಹಾಕುವುದು, ಮೇಲಧಿಕಾರಿಯ ಕಣ್ಣು ತಪ್ಪಿಸುವುದು – ನಗುವೆಲ್ಲ ಇಲ್ಲಿಂದಲೇ ಹುಟ್ಟುತ್ತದೆ. ಹಸಿವು, ಭಯ, ಅರ್ಥವಾಗದ ಆಜ್ಞೆ ಇವುಗಳ ನಡುವೆ ಮನುಷ್ಯ ಹೇಗೆ ಬದುಕಿಕೊಳ್ಳುತ್ತಾನೋ, ಈ ಲೇಖಕರಿಗೆ ರಾಷ್ಟ್ರದ ಸ್ವಭಾವವೆಂದರೆ ಅದೇ.

‘ಉತ್ತರನ ಪೌರುಷ ಒಲೆಯ ಮುಂದೆ’ ಎನ್ನುವ ನಮಗೆ ಇಂಥ ಪಾತ್ರಗಳ ಗುರುತು ಹತ್ತುವುದು ಕಷ್ಟವಲ್ಲ. ಆದರೆ ಉತ್ತರಕುಮಾರನ ಬೆನ್ನಿಗೆ ಬೃಹನ್ನಳೆಯಿದ್ದಳು. ಇವರಿಗೆ ಯಾರೂ ಇಲ್ಲ. ಪಿಯಾವೆ ನದಿಯ ಬಳಿ ಆಸ್ಟ್ರಿಯಾದವರ ಕೈಗೆ ಸಿಕ್ಕಿಬಿದ್ದಾಗ, ಇಟಲಿಯ ಸೇನೆ ಕಟ್ಟುತ್ತಿರುವ ಸೇತುವೆಯ ಜಾಗ ಹೇಳಿದರೆ ಜೀವ ಉಳಿಯುತ್ತದೆ. ಬುಸಾಕ್ಕಾ ಬಾಯಿಬಿಡಲು ಸಿದ್ಧನೂ ಆಗುತ್ತಾನೆ. ಅಷ್ಟರಲ್ಲಿ ಶತ್ರು ಅಧಿಕಾರಿ ಇಟಲಿಯವರ ಧೈರ್ಯವನ್ನು ಹಂಗಿಸುತ್ತಾನೆ. ಬುಸಾಕ್ಕಾ ಬಾಯಿ ಬಿಗಿದು ಗುಂಡಿಗೆ ಎದೆಯೊಡ್ಡುತ್ತಾನೆ. ನನಗೇನೂ ಗೊತ್ತಿಲ್ಲವೆಂದು ಅಂಗಲಾಚುತ್ತಲೇ ಯಾಕೊವಾಚ್ಚಿಯೂ ಸಾಯುತ್ತಾನೆ. ಇತ್ತ ಅವರ ಕ್ಯಾಪ್ಟನ್, ಆ ಸೋಮಾರಿಗಳು ಈ ಸಲವೂ ನುಣುಚಿಕೊಂಡರೆಂದೇ ಭಾವಿಸುತ್ತಾನೆ. ಅವರ ಹೆಸರು ಯಾವ ವೀರರ ಪಟ್ಟಿಗೂ ಸೇರುವುದಿಲ್ಲ.

ವೆನಿಸ್ ಚಿತ್ರೋತ್ಸವ ಅದೇ ವರ್ಷ ಈ ಚಿತ್ರಕ್ಕೂ ರೊಸೆಲ್ಲಿನಿಯ ‘ಜನರಲ್ ದೆಲ್ಲಾ ರೊವೆರೆ’ಗೂ ಸ್ವರ್ಣಸಿಂಹವನ್ನು ಹಂಚಿಕೊಟ್ಟಿತು.

ಮರುವರ್ಷ ಆಜೆ-ಸ್ಕಾರ್ಪೆಲ್ಲಿ ಜೋಡಿ ಇನ್ನೂ ಹಸಿಯಾದ ಗಾಯವನ್ನು ಮುಟ್ಟಿತು. ಅವರು ಬರೆದ, ಲುಯಿಜಿ ಕೊಮೆಂಚಿನಿ ನಿರ್ದೇಶನದ ‘ತುತ್ತಿ ಅ ಕಾಸಾ’ದ ಕಥೆ 1943ರ ಸೆಪ್ಟೆಂಬರ್ 8ರಂದು ಶುರುವಾಗುತ್ತದೆ. ಇಟಲಿ ಶರಣಾದ ಸುದ್ದಿ ಸೈನಿಕರಿಗೆ ರೇಡಿಯೊದಲ್ಲಿ ಸಿಗುತ್ತದೆ; ನಿನ್ನೆಯ ಮಿತ್ರರಾದ ಜರ್ಮನರು ಗುಂಡು ಹಾರಿಸತೊಡಗುತ್ತಾರೆ. ಏನೂ ತಿಳಿಯದ ಲೆಫ್ಟಿನೆಂಟ್ ಇನ್ನೊಚೆಂತ್ಸಿ, ಜರ್ಮನರು ಅಮೆರಿಕನ್ನರ ಜೊತೆ ಸೇರಿಬಿಟ್ಟರೆಂದು ಮೇಲಧಿಕಾರಿಗೆ ಫೋನ್ ಮಾಡುತ್ತಾನೆ. ಸರ್ಕಾರವೇ ಕೈಬಿಟ್ಟ ಸೇನೆಯ ಸ್ಥಿತಿಯೆಲ್ಲ ಆ ಒಂದು ಕರೆಯಲ್ಲಿದೆ. ಮನೆ ಸೇರಿದರೆ ಸಾಕೆಂದು ದೇಶದುದ್ದಕ್ಕೂ ನಡೆಯುವ ಅವನು, ಕೊನೆಗೆ ನೇಪಲ್ಸ್‌ನಲ್ಲಿ ಜನ ಜರ್ಮನರ ವಿರುದ್ಧ ದಂಗೆಯೆದ್ದಾಗ, ಯಾರ ಆಜ್ಞೆಯೂ ಇಲ್ಲದೆ ಮಷಿನ್‌ಗನ್ ಹಿಡಿಯುತ್ತಾನೆ.