ಅವ್ವನ ಪದಾ, ಟ್ವೀಟರಿನ ಕತಿ

ಅವ್ವನ ಸೋಬಾನ ಪದದ ಕ್ಯಾಸೆಟ್ ಹಚ್ಚಿದ್ರ ಎಡಗಡೆ ಸ್ಪೀಕರ್ ‘ಸ’ ಬಂದಾಗೆಲ್ಲಾ ಕರಕರ ಅಂತಿತ್ತು. ಅವ್ವ ಹೋದಮ್ಯಾಲೆ ಉಳದದ್ದು ಆ ದನಿ ಒಂದ. ಕ್ಯಾಸೆಟ್ಟs ಕೆಟ್ಟಿತೇನೋ ಅಂತ ಎದಿ ಧಸಕ್ಕಂತು.

1925ರಾಗ ಅಮೆರಿಕಾದ ರೈಸ್ ಮತ್ತ ಕೆಲಾಗ್ ಅನ್ನೋರು ತಂತಿ ಸುರುಳಿ ಅಲುಗಿ ಕಾಗದದ ಶಂಕು ನಡುಗಿಸೋ ಸ್ಪೀಕರ್ ತೋರಿಸಿದ್ರು. ಮುಂದ ದಪ್ಪ ದನಿ, ಸಣ್ಣ ದನಿಗೆ ಬ್ಯಾರೆ ಬ್ಯಾರೆ ಮಾಡಿದ್ರು. ನಾಯಿ ಬೊಗಳಿದಂಗ ವೂಫರ್, ಹಕ್ಕಿ ಚಿಲಿಪಿಲಿಯಂಗ ಟ್ವೀಟರ್ ಅಂತ ಹೆಸರು. ಟ್ವೀಟರಿನ ತಂತಿ ಭಾಳ ಸಣ್ಣದು. ಆಂಪ್ಲಿಫೈಯರ್ ಕಸುವು ಮೀರಿ ಕೂಗಿಸಿದ್ರ ಸುಡತದ.

ಆಫ್ ಮಾಡಿ, ಎಡ-ಬಲ ವಾಯರ್ ಅದಲುಬದಲು ಮಾಡಿದೆ. ಕರಕರ ಎಡಗಡೆನ ಉಳೀತು. ಅಂದ್ರ ದೋಷ ಕ್ಯಾಸೆಟ್‌ದಾಗ ಅಲ್ಲ, ಸ್ಪೀಕರಿನಾಗ! ಟ್ವೀಟರ್ ಬದಲಿಸಿದ್ವಿ. ಅವ್ವ ಮತ್ತ ತಿಳಿಯಾಗಿ ಹಾಡಿದ್ಲು. ನೀವೂ ಹಳೇ ಕ್ಯಾಸೆಟ್ ಒಗೀಬ್ಯಾಡ್ರಿ. ಮೊದಲ ವಾಯರ್ ಬದಲಿಸಿ ನೋಡ್ರಿ.